ಮೌನದ ಹಿಂದಿನ ಮಂದಿ: ಲಿನಕ್ಸ್ ದನಿ ಪಡೆದ ಕಥೆ



ರೇಡಿಯೋದವರು ಅತಿ ಹೆಚ್ಚು ಹೆದರುವುದು ಯಾವುದಕ್ಕೆ ಗೊತ್ತೇ? ತಪ್ಪು ಉಚ್ಚಾರಕ್ಕಲ್ಲ, ಒಂದು ಹಾಡಿನ ಬದಲು ಇನ್ನೊಂದು ಬಂದುಬಿಡುವುದಕ್ಕೂ ಅಲ್ಲ. ಅವನ್ನೆಲ್ಲ ಒಂದು ನಗೆಯಲ್ಲಿ ತೇಲಿಸಬಹುದು. ನಾವು ಹೆದರುವುದು ಮೌನಕ್ಕೆ. ನಮ್ಮ ಭಾಷೆಯಲ್ಲಿ ಅದಕ್ಕೆ 'ಡೆಡ್ ಏರ್' ಎನ್ನುತ್ತಾರೆ. ಐದು ಸೆಕೆಂಡು ಸದ್ದಿಲ್ಲದಿದ್ದರೆ ಕೇಳುಗರ ಕೈ ಬೇರೆ ಸ್ಟೇಷನ್ನಿಗೆ ತಿರುಗುತ್ತದೆ. ಅದರಲ್ಲೂ ಹೊರನಾಡಿನಲ್ಲಿ ದಿನಕ್ಕೆ ಇಷ್ಟೇ ಹೊತ್ತು ಎಂದು ಅಳೆದು ಕೊಟ್ಟ ಕನ್ನಡದ ಅವಧಿಯಲ್ಲಿ ಒಂದೊಂದು ಸೆಕೆಂಡೂ ಬಂಗಾರ!

ಹಿಂದೆ ಸ್ಟುಡಿಯೋದಲ್ಲಿ ಸ್ಪೂಲ್ ಟೇಪು, ಎಲ್‌ಪಿ ರೆಕಾರ್ಡು ಇರುತ್ತಿದ್ದವು. ಈಗ ಹಾಡು, ಜಾಹೀರಾತು, ಸಿಗ್ನೇಚರ್ ಟ್ಯೂನು ಎಲ್ಲವೂ ಬರುವುದು ಕಂಪ್ಯೂಟರಿನಿಂದಲೇ. ಆ ಕಂಪ್ಯೂಟರು ಸಂಖ್ಯೆಗಳನ್ನು ಸದ್ದಾಗಿ ಮಾಡುವ ಜಾಗದಲ್ಲಿ ಕಣ್ಣಿಗೆ ಕಾಣದ ಒಂದು ಪುಟ್ಟ ತಂತ್ರಾಂಶ ಕೂತಿರುತ್ತದೆ. ಅದರ ಹೆಸರು ಆಡಿಯೋ ಡ್ರೈವರ್. ಅದು ಸರಿಯಾಗಿದ್ದಾಗ ಯಾರಿಗೂ ನೆನಪಿರುವುದಿಲ್ಲ. ಕೆಟ್ಟಾಗ ಮಾತ್ರ ಎಲ್ಲರ ಬಾಯಲ್ಲೂ ಅದೇ ಹೆಸರು. ನಮ್ಮ ಕೇಳುಗರಲ್ಲಿ ಸಾಫ್ಟ್‌ವೇರ್ ಮಂದಿ ಬಹಳ. ಅವರು ಮುಗುಳ್ನಗುತ್ತಾ ಓದಲಿ. ನನ್ನಂತೆ ಕನ್ನಡ ಬಿ.ಎ. ಓದಿದವರಿಗೂ ಅರ್ಥವಾಗುವ ಹಾಗೆ ಈ ಡ್ರೈವರ್‌ಗಳ ಚರಿತ್ರೆ ಹೇಳಲು ಹೊರಟಿದ್ದೇನೆ. ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಉದಾಹರಣೆಯನ್ನೇ ಆರಿಸಿಕೊಂಡಿದ್ದೇನೆ. ಕಾರಣ ಸರಳ. ಅಲ್ಲಿ ಎಲ್ಲವೂ ಬಯಲಿನಲ್ಲಿ ನಡೆದಿದೆ. ಜಗಳವೂ, ದುರಸ್ತಿಯೂ, ರಾಜಿಯೂ.

ಕರ್ನೆಲ್ ಎಂಬ ಗರ್ಭಗುಡಿ

ಮೊದಲು ಎರಡು ಪದಗಳನ್ನು ತಿಳಿದುಕೊಳ್ಳೋಣ. ಕಂಪ್ಯೂಟರನ್ನು ನಡೆಸುವ ಕಾರ್ಯಾಚರಣಾ ವ್ಯವಸ್ಥೆಯ ತಿರುಳಿಗೆ ಕರ್ನೆಲ್ ಎಂದು ಹೆಸರು. ದೇವಸ್ಥಾನಕ್ಕೆ ಹೋಲಿಸಿದರೆ ಇದು ಗರ್ಭಗುಡಿ. ನಾವು ಬಳಸುವ ಹಾಡಿನ ಪ್ಲೇಯರ್, ಬ್ರೌಸರ್ ಮೊದಲಾದ ಪ್ರೋಗ್ರಾಮುಗಳೆಲ್ಲ ಹೊರಗಿನ ಪ್ರಾಂಗಣದಲ್ಲಿ ನಿಂತ ಭಕ್ತರು. ಯಂತ್ರದ ಬಿಡಿಭಾಗಗಳನ್ನು ಅವರು ನೇರವಾಗಿ ಮುಟ್ಟುವಂತಿಲ್ಲ. ಬೇಕಾದ್ದನ್ನು ಕರ್ನೆಲ್ ಮೂಲಕವೇ ಕೇಳಬೇಕು. ಒಳಗೆ ಒಂದೊಂದು ಬಿಡಿಭಾಗಕ್ಕೂ ಒಬ್ಬೊಬ್ಬ ಅರ್ಚಕ. ಅವನೇ ಡ್ರೈವರ್. ಬೆಸ್ಟ್ ಬಸ್ಸಿನ ಡ್ರೈವರ್ ಅಲ್ಲ ಮತ್ತೆ!

ಪ್ರಾಂಗಣದಲ್ಲಿ ಒಬ್ಬ ಭಕ್ತ ಎಡವಿ ಬಿದ್ದರೆ ಅವನಿಗಷ್ಟೇ ಪೆಟ್ಟು. ಗರ್ಭಗುಡಿಯಲ್ಲಿ ದೀಪ ಉರುಳಿದರೆ ಗುಡಿಗೇ ಬೆಂಕಿ. ಪ್ಲೇಯರ್ ಕೆಟ್ಟರೆ ಪ್ಲೇಯರ್ ಮಾತ್ರ ಮುಚ್ಚಿಕೊಳ್ಳುತ್ತದೆ. ಡ್ರೈವರ್ ತಪ್ಪಿದರೆ ಇಡೀ ಯಂತ್ರ ಸ್ತಬ್ಧವಾಗಬಹುದು. ಆದ್ದರಿಂದಲೇ ಡ್ರೈವರ್ ಬರೆಯುವುದು, ಅದರ ದೋಷ ಹುಡುಕುವುದು ಬೇರೆ ಪ್ರೋಗ್ರಾಮಿಂಗಿಗಿಂತ ನಾಜೂಕಿನ ಕೆಲಸ.

ಕಾರ್ಡಿನ ಕದ ತಟ್ಟಿದ್ದು

ಐಬಿಎಂ ಮಾದರಿಯ ಮೊದಮೊದಲ ಪಿಸಿಗಳಿಗೆ 'ಕುಂಯ್' ಎನ್ನುವ ಪುಟ್ಟ ಸ್ಪೀಕರ್ ಬಿಟ್ಟರೆ ಬೇರೆ ದನಿ ಇರಲಿಲ್ಲ. 1987ರಲ್ಲಿ ಕೆನಡಾದ ಆಡ್‌ಲಿಬ್ ಕಂಪನಿ ಯಮಾಹಾ ಚಿಪ್ ಇಟ್ಟು ಒಂದು ಸಂಗೀತದ ಕಾರ್ಡು ತಂದಿತು. 1989ರಲ್ಲಿ ಸಿಂಗಪುರದ ಸಿಮ್ ವಾಂಗ್ ಹೂ ಸ್ಥಾಪಿಸಿದ ಕ್ರಿಯೇಟಿವ್ ಕಂಪನಿ 'ಸೌಂಡ್ ಬ್ಲಾಸ್ಟರ್' ಬಿಟ್ಟಿತು. ಅದು ಸಂಗೀತದ ಜೊತೆಗೆ ರೆಕಾರ್ಡಾದ ಮಾತನ್ನೂ ನುಡಿಸಬಲ್ಲದಾಗಿತ್ತು. ಕೆಲವೇ ವರ್ಷಗಳಲ್ಲಿ ಅದೇ ಮಾನದಂಡವಾಯಿತು. ಬೇರೆ ಕಂಪನಿಗಳ ಕಾರ್ಡುಗಳೂ ಡಬ್ಬಿಯ ಮೇಲೆ 'ಸೌಂಡ್ ಬ್ಲಾಸ್ಟರ್‌ಗೆ ಹೊಂದುತ್ತದೆ' ಎಂದು ಬರೆದುಕೊಂಡೇ ಮಾರಾಟವಾಗುತ್ತಿದ್ದವು.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್ ಬರೆದು ಜಗತ್ತಿಗೆ ಹಂಚಿದರು. ಅದಕ್ಕೆ ಆಗ ದನಿ ಇರಲಿಲ್ಲ. 1992ರಲ್ಲಿ ಫಿನ್ಲೆಂಡಿನವರೇ ಆದ ಹನ್ನು ಸಾವೊಲೈನೆನ್ ಸೌಂಡ್ ಬ್ಲಾಸ್ಟರ್‌ಗೆ ಡ್ರೈವರ್ ಬರೆದರು. ಮುಂದೆ 'ಓಪನ್ ಸೌಂಡ್ ಸಿಸ್ಟಮ್', ಚಿಕ್ಕದಾಗಿ ಓಎಸ್‌ಎಸ್, ಎಂದು ಹೆಸರಾದದ್ದು ಇದೇ ಬೀಜದಿಂದ ಬೆಳೆದ ಮರ.

ಆ ಕಾಲದ ಡ್ರೈವರ್ ಮಾಡುತ್ತಿದ್ದ ಮೊದಲ ಕೆಲಸ ಬಲು ಚೆಂದ. ಕಾರ್ಡು ಇದೆಯೋ ಇಲ್ಲವೋ ತಿಳಿಯಲು ಅದು ಕದ ತಟ್ಟುತ್ತಿತ್ತು. ಒಂದು ನಿರ್ದಿಷ್ಟ ವಿಳಾಸಕ್ಕೆ 1 ಎಂದು ಬರೆಯುವುದು, ಮೂರು ಮೈಕ್ರೋಸೆಕೆಂಡು ಕಾಯುವುದು, ಆಮೇಲೆ 0 ಎಂದು ಬರೆಯುವುದು. ಒಳಗೆ ಕಾರ್ಡು ಇದ್ದರೆ 170 ಎಂಬ ಸಂಖ್ಯೆಯನ್ನು ಉತ್ತರವಾಗಿ ಕೊಡುತ್ತಿತ್ತು. 'ಮನೆಯಲ್ಲಿ ಯಾರಿದ್ದೀರಿ?' 'ನಾನಿದ್ದೇನೆ, ಒಳಗೆ ಬನ್ನಿ' ಎಂದ ಹಾಗೆ. ಉತ್ತರ ಬರದಿದ್ದರೆ ವಿಳಾಸ ತಪ್ಪಿರಬೇಕು, ಇಲ್ಲವೇ ಕಾರ್ಡು ಕೆಟ್ಟಿರಬೇಕು.

ಕಾರ್ಡು ಸಿಕ್ಕಿದ ಮೇಲೂ ಪಾಡು ತಪ್ಪುತ್ತಿರಲಿಲ್ಲ. ಕರ್ನೆಲ್ಲನ್ನು ಕರೆಯಲು ಪ್ರತಿ ಕಾರ್ಡಿಗೂ 'ಇಂಟರಪ್ಟ್' ಎಂಬ ಒಂದು ಗಂಟೆ ಬೇಕು. ಗಂಟೆಗಳು ಕೆಲವೇ ಇದ್ದವು. ಸೌಂಡ್ ಬ್ಲಾಸ್ಟರ್ 5 ಅಥವಾ 7ನೇ ಗಂಟೆ ಹಿಡಿದುಕೊಳ್ಳುತ್ತಿತ್ತು. 7ನೆಯದು ಸಾಮಾನ್ಯವಾಗಿ ಪ್ರಿಂಟರಿನ ಪಾಲು. ಇಬ್ಬರಿಗೂ ಒಂದೇ ಗಂಟೆಯಾದರೆ ಬಾರಿಸಿದವರು ಯಾರೆಂದು ತಿಳಿಯದೆ ಗೊಂದಲ. ಅದನ್ನು ಬದಲಿಸಲು ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ಕಾರ್ಡಿನ ಮೇಲಿನ ಜಂಪರ್ ಎಂಬ ಸಣ್ಣ ಕೊಂಡಿಯನ್ನು ಕಿತ್ತು ಬೇರೆಡೆ ಸಿಕ್ಕಿಸಬೇಕಿತ್ತು. ಇತ್ತ ಲಿನಕ್ಸಿನಲ್ಲಿ ಆ ಸಂಖ್ಯೆ ಕರ್ನೆಲ್ ಒಳಗೇ ಸೇರಿಹೋಗಿರುತ್ತಿದ್ದ ಕಾರಣ ಇಡೀ ಕರ್ನೆಲ್ಲನ್ನು ಮತ್ತೆ ಕಂಪೈಲ್ ಮಾಡಬೇಕಿತ್ತು. ಆಗಿನ ಯಂತ್ರಗಳಲ್ಲಿ ಅದು ಗಂಟೆಗಟ್ಟಲೆ ಹಿಡಿಯುವ ಕೆಲಸ. ಸಂಖ್ಯೆ ತಪ್ಪಿದರೆ ಮತ್ತೆ ಮೊದಲಿಂದ. 90ರ ದಶಕದ ಕೊನೆಗೆ ಅಲನ್ ಕಾಕ್ಸ್ ಈ ಡ್ರೈವರ್‌ಗಳನ್ನು ಬೇಕಾದಾಗ ಸೇರಿಸಿ, ಬೇಡವಾದಾಗ ತೆಗೆಯಬಹುದಾದ ಬಿಡಿ ತುಣುಕುಗಳಾಗಿ ಮಾಡಿದ ಮೇಲೆಯೇ ಜನ ನಿಟ್ಟುಸಿರು ಬಿಟ್ಟದ್ದು.

ಇಲ್ಲಿ ನಮ್ಮಂಥ ಉದ್ಘೋಷಕರಿಗೆ ಖುಷಿ ಕೊಡುವ ಒಂದು ಸಂಗತಿಯಿದೆ. ಲಿನಕ್ಸ್ ಪದವನ್ನು ಹೇಗೆ ಉಚ್ಚರಿಸಬೇಕು ಎಂಬ ಚರ್ಚೆ ಎದ್ದಾಗ 1994ರಲ್ಲಿ ಟೊರ್ವಾಲ್ಡ್ಸ್ ತಮ್ಮದೇ ದನಿಯಲ್ಲಿ ಹೆಸರು ಹೇಳಿ, ಆ ಪದವನ್ನು ತಾವು ಹೇಗೆ ಉಚ್ಚರಿಸುತ್ತೇನೆಂದು ರೆಕಾರ್ಡು ಮಾಡಿ ಹಂಚಿದರು. ಇಂಗ್ಲಿಷಿನಲ್ಲಿ ಒಂದು, ಅವರ ಮಾತೃಭಾಷೆಯಾದ ಸ್ವೀಡಿಷ್‌ನಲ್ಲಿ ಇನ್ನೊಂದು. ಮುಂದೆ ರೆಡ್ ಹ್ಯಾಟ್ ಲಿನಕ್ಸಿನಲ್ಲಿ ಸೌಂಡ್ ಕಾರ್ಡ್ ಹೊಂದಿಸುವ ಉಪಕರಣ ಪರೀಕ್ಷೆಗಾಗಿ ನುಡಿಸುತ್ತಿದ್ದದ್ದು ಇದೇ ದನಿಯನ್ನು. ಹೀಗೆ ಎಷ್ಟೋ ಕಂಪ್ಯೂಟರುಗಳು ಬಾಯಿ ಬಿಟ್ಟು ಆಡಿದ ಮೊದಲ ಮಾತು ಅದನ್ನು ಹುಟ್ಟಿಸಿದವನ ಮಾತೇ ಆಗಿತ್ತು!

ಮದುವೆ ಮನೆಯ ಪಂಕ್ತಿ

ಈಗ ಡ್ರೈವರ್ ಒಳಗೆ ನಡೆಯುವುದನ್ನು ನೋಡೋಣ. ಸಿಡಿ ಗುಣಮಟ್ಟದ ಸದ್ದಿಗೆ ಸೆಕೆಂಡಿಗೆ 44,100 ಮಾದರಿಗಳು ಬೇಕು. ಎಡ ಬಲ ಎರಡು ಕಿವಿ, ಪ್ರತಿ ಮಾದರಿಗೂ 2 ಬೈಟ್. ಗುಣಿಸಿದರೆ ಸೆಕೆಂಡಿಗೆ 1,76,400 ಬೈಟ್. ಇವು ಎಡೆಬಿಡದೆ ಕಾರ್ಡಿಗೆ ತಲುಪುತ್ತಿರಬೇಕು. ಒಂದೊಂದೇ ಕೊಡುತ್ತ ಕೂತರೆ ಕಂಪ್ಯೂಟರಿಗೆ ಬೇರೆ ಕೆಲಸವೇ ಆಗುವುದಿಲ್ಲ. ಅದಕ್ಕೆ ಒಂದು ಉಪಾಯವಿದೆ.

ನಮ್ಮ ಮದುವೆ ಮನೆಯ ಪಂಕ್ತಿಯನ್ನು ನೆನೆಸಿಕೊಳ್ಳಿ. ಆದರೆ ಇಲ್ಲಿ ಊಟಕ್ಕೆ ಕೂತವನು ಒಬ್ಬನೇ. ಅವನ ಸುತ್ತ ದುಂಡಗೆ ನಾಲ್ಕು ಎಲೆ. ಒಂದು ಎಲೆ ಮುಗಿಸಿ ಪಕ್ಕದ ಎಲೆಗೆ ತಿರುಗುತ್ತಾನೆ, ನಾಲ್ಕನೆಯದು ಮುಗಿದರೆ ಮತ್ತೆ ಮೊದಲನೆಯದಕ್ಕೆ. ಬಡಿಸುವವನು ಖಾಲಿಯಾದ ಎಲೆಯನ್ನು ಅವನು ಸುತ್ತಿ ಬರುವುದರೊಳಗೆ ತುಂಬಿಸಿರಬೇಕು. ಉಣ್ಣುವವನು ಸೌಂಡ್ ಕಾರ್ಡು. ಬಡಿಸುವವನು ನಮ್ಮ ಪ್ಲೇಯರ್ ಪ್ರೋಗ್ರಾಮು. ಎಲೆಗಳ ಸುತ್ತಿಗೆ 'ರಿಂಗ್ ಬಫರ್' ಎಂದೂ ಒಂದೊಂದು ಎಲೆಗೆ 'ಪೀರಿಯಡ್' ಎಂದೂ ಹೆಸರು. ಒಂದು ಎಲೆ ಮುಗಿದ ಕೂಡಲೇ ಉಣ್ಣುವವನು ಗಂಟೆ ಬಾರಿಸುತ್ತಾನೆ. ಅದೇ ಇಂಟರಪ್ಟ್. ಈ ಗಂಟೆ ಕೇಳಿ ಬಡಿಸುವವನನ್ನು ಎಬ್ಬಿಸುವುದು, ಉಣ್ಣುವವನು ಈಗ ಯಾವ ಎಲೆಯಲ್ಲಿ ಎಲ್ಲಿದ್ದಾನೆ ಎಂದು ಕೇಳಿದಾಗ ಹೇಳುವುದು, ಇಷ್ಟೇ ಡ್ರೈವರ್ ಕೆಲಸ.

ಒಂದು ಎಲೆಯಲ್ಲಿ 1,024 ಮಾದರಿ ಇದ್ದರೆ ಅದು ಸುಮಾರು 23 ಮಿಲಿಸೆಕೆಂಡಿನ ಊಟ. ಬಡಿಸುವವನು ತಡ ಮಾಡಿದರೆ ಕಾರ್ಡು ಕಾಯುವುದಿಲ್ಲ. ಎಲೆಯ ಮೇಲೆ ಉಳಿದಿದ್ದ ಹಳೆಯದನ್ನೇ ಮತ್ತೆ ತಿನ್ನುತ್ತದೆ, ಇಲ್ಲವೇ ನಿಂತುಬಿಡುತ್ತದೆ. ನಮ್ಮ ಕಿವಿಗೆ ಅದು 'ಟಿಕ್' ಎಂದೋ, ಗೀರು ಬಿದ್ದ ರೆಕಾರ್ಡಿನ ಹಾಗೆ ಅದೇ ತುಣುಕಾಗಿಯೋ ಕೇಳುತ್ತದೆ. ಇದಕ್ಕೆ 'ಅಂಡರ್‌ರನ್' ಎನ್ನುತ್ತಾರೆ. ರೆಕಾರ್ಡಿಂಗಿನಲ್ಲಿ ಇದು ತಿರುವುಮುರುವಾಗಿ 'ಓವರ್‌ರನ್' ಆಗುತ್ತದೆ.

ಎಲೆಗಳನ್ನು ದೊಡ್ಡದು ಮಾಡಿದರೆ ತೊಂದರೆ ತೀರಿತಲ್ಲ ಎನ್ನಬಹುದು. ಹಾಡು ಕೇಳುವವರಿಗೆ ತೀರುತ್ತದೆ, ಹಾಡುವವರಿಗೆ ತೀರುವುದಿಲ್ಲ. ಮೈಕಿನ ಮುಂದೆ ಹಾಡುವವರಿಗೆ ತಮ್ಮ ದನಿ ಹೆಡ್‌ಫೋನಿನಲ್ಲಿ ಅರ್ಧ ಸೆಕೆಂಡು ತಡವಾಗಿ ಕೇಳಿದರೆ ತಾಳ ತಪ್ಪಿತೆಂದೇ ಲೆಕ್ಕ. ಅವರಿಗೆ ಚಿಕ್ಕ ಎಲೆಯೇ ಬೇಕು. ಚಿಕ್ಕ ಎಲೆ ಎಂದರೆ ಬಡಿಸುವವನಿಗೆ ಓಡಾಟ ಹೆಚ್ಚು. ಈ ಜಗ್ಗಾಟವೇ ಆಡಿಯೋ ಡ್ರೈವರ್ ಚರಿತ್ರೆಯ ಅರ್ಧ ಭಾಗ.

ಒಂದೇ ಬಾಗಿಲು, ಎರಡು ದಾರಿ

ಓಎಸ್‌ಎಸ್‌ನ ಸೊಬಗು ಅದರ ಸರಳತೆ. ಯುನಿಕ್ಸ್ ಸಂಪ್ರದಾಯದಲ್ಲಿ ಎಲ್ಲವೂ ಒಂದು ಕಡತ. ಸೌಂಡ್ ಕಾರ್ಡೂ 'ಡೆವ್ ಡಿಎಸ್‌ಪಿ' ಎಂಬ ಕಡತವಾಯಿತು. ಅದರೊಳಗೆ ಏನು ಸುರಿದರೂ ಸ್ಪೀಕರಿನಲ್ಲಿ ಸದ್ದಾಗುತ್ತದೆ. ಅದರ ಕೊರತೆಯೂ ಅಲ್ಲೇ ಇತ್ತು. ಹಲವು ದನಿಗಳನ್ನು ತಾನೇ ಬೆರೆಸಬಲ್ಲ ಕಾರ್ಡು ಇಲ್ಲದಿದ್ದರೆ ಆ ಬಾಗಿಲಿನಲ್ಲಿ ಒಂದು ಸಲಕ್ಕೆ ಒಬ್ಬರಿಗಷ್ಟೇ ಪ್ರವೇಶ. ಹಾಡು ಬರುತ್ತಿದ್ದರೆ ಇನ್ನೊಂದು ಪ್ರೋಗ್ರಾಮಿಗೆ ಬಾಯಿಲ್ಲ.

ಇದರ ಜೊತೆಗೆ ಇನ್ನೊಂದು ಬೆಳವಣಿಗೆ. 4ಫ್ರಂಟ್ ಟೆಕ್ನಾಲಜೀಸ್ ಎಂಬ ಕಂಪನಿ ಓಎಸ್‌ಎಸ್‌ನ ವಾಣಿಜ್ಯ ಆವೃತ್ತಿಯನ್ನು ಮಾರತೊಡಗಿತು. ಹೊಸ ಕಾರ್ಡುಗಳ ಬೆಂಬಲ ಅಲ್ಲಿ ಮೊದಲು ಬರುತ್ತಿತ್ತು. ಕರ್ನೆಲ್‌ನಲ್ಲಿದ್ದ ಉಚಿತ ಆವೃತ್ತಿ ಹಿಂದೆ ಬಿತ್ತು. ಕಾರ್ಡು ತಯಾರಕರು ಒಳವಿವರ ಕೊಡಲು ಗುಟ್ಟು ಕಾಯುವ ಕರಾರು ಕೇಳುತ್ತಿದ್ದ ಕಾಲ ಅದು. ಬರೆಯುವವರಿಗೂ ಹೊಟ್ಟೆಪಾಡಿದೆ. ಯಾರನ್ನೂ ಸುಲಭವಾಗಿ ದೂರುವ ಹಾಗಿಲ್ಲ. ಆದರೆ ಎಲ್ಲರದ್ದೂ ಎಂದುಕೊಂಡ ಬಾವಿಗೆ ಮುಚ್ಚಳ ಬೀಳುತ್ತಿದೆ ಎಂಬ ಕಳವಳ ಬಹಳ ಜನರಲ್ಲಿತ್ತು.

ಜೆಕ್ ದೇಶದ ಯಾರೊಸ್ಲಾವ್ ಕಿಸೆಲಾ ಅವರ ಬಳಿ ಗ್ರಾವಿಸ್ ಅಲ್ಟ್ರಾಸೌಂಡ್ ಎಂಬ ಕಾರ್ಡು ಇತ್ತು. ಅದಕ್ಕಾಗಿ ಅವರು ಪ್ರತ್ಯೇಕ ಡ್ರೈವರ್ ಬರೆದರು. ಅದೇ ಕೆಲಸ ಹಿಗ್ಗಿ 1998ರಲ್ಲಿ 'ಅಲ್ಸಾ' ಯೋಜನೆಯಾಯಿತು. ಪೂರ್ಣ ಹೆಸರು 'ಅಡ್ವಾನ್ಸ್ಡ್ ಲಿನಕ್ಸ್ ಸೌಂಡ್ ಆರ್ಕಿಟೆಕ್ಚರ್'. ನಾಲ್ಕು ವರ್ಷ ಕರ್ನೆಲ್‌ನ ಹೊರಗೇ ಬೆಳೆದು, 2002ರಲ್ಲಿ 2.5.5 ಆವೃತ್ತಿಯ ವೇಳೆಗೆ ಒಳಗೆ ಬಂದಿತು. 2003ರ ಡಿಸೆಂಬರಿನಲ್ಲಿ 2.6 ಬಿಡುಗಡೆಯಾದಾಗ ಲಿನಕ್ಸಿನ ಅಧಿಕೃತ ದನಿಪೆಟ್ಟಿಗೆ ಅಲ್ಸಾ ಆಗಿತ್ತು. ಹಳೆಯ 'ಡೆವ್ ಡಿಎಸ್‌ಪಿ' ಬಾಗಿಲನ್ನೇ ತಟ್ಟುವ ಹಳೆ ಪ್ರೋಗ್ರಾಮುಗಳಿಗಾಗಿ ಅದೇ ವೇಷದ ಒಂದು ಬಾಗಿಲನ್ನೂ ಅಲ್ಸಾ ಇಟ್ಟುಕೊಂಡಿತು. ಹೊಸ ಮನೆಗೆ ಬಂದರೂ ಅಜ್ಜಿಗೆ ಒಗ್ಗಿದ ಒಲೆಯನ್ನು ಉಳಿಸಿಕೊಟ್ಟ ಹಾಗೆ. 4ಫ್ರಂಟ್ ಕೂಡ 2007ರಲ್ಲಿ ತನ್ನ ಓಎಸ್‌ಎಸ್‌ನ ಆಕರವನ್ನು ಮತ್ತೆ ಮುಕ್ತಗೊಳಿಸಿತು. ಅಷ್ಟರಲ್ಲಿ ಜಾತ್ರೆ ಬೇರೆ ಊರಿಗೆ ಹೋಗಿಯಾಗಿತ್ತು.

ನೋಡಲು ಹೋದರೆ ಮಾಯ

ಡ್ರೈವರ್ ದೋಷ ಹುಡುಕುವುದು ಏಕೆ ಕಷ್ಟ? ಮೊದಲ ಕಾರಣ, ರೋಗಿ ಬಾಯಿ ಬಿಡುವುದಿಲ್ಲ. 'ಸದ್ದು ಬರುತ್ತಿಲ್ಲ' ಎಂಬುದಷ್ಟೇ ದೂರು. ಕಾರ್ಡು ಸಿಗಲಿಲ್ಲವೇ? ಗಂಟೆ ಬಾರಿಸಲಿಲ್ಲವೇ? ಎಲ್ಲ ಸರಿಯಿದ್ದು ಬರೀ ವಾಲ್ಯೂಮ್ ಸೊನ್ನೆಯಲ್ಲಿದೆಯೇ? ಅಲ್ಸಾದ ಆರಂಭದ ವರ್ಷಗಳಲ್ಲಿ ಡ್ರೈವರ್ ಹಾಕಿದ ಮೇಲೆ ಎಲ್ಲ ಚಾನೆಲ್ಲುಗಳೂ ಮ್ಯೂಟ್ ಆಗಿರುತ್ತಿದ್ದವು. ಸ್ಪೀಕರ್ ಒಡೆಯದಿರಲೆಂಬ ಕಾಳಜಿ ಅದು. ಅದನ್ನು ತಿಳಿಯದೆ ರಾತ್ರಿಯಿಡೀ ಕೂತು ಡ್ರೈವರನ್ನು ಶಪಿಸಿದವರು ಒಬ್ಬಿಬ್ಬರಲ್ಲ.

ಎರಡನೆಯ ಕಾರಣ ಇನ್ನೂ ವಿಚಿತ್ರ. ಕರ್ನೆಲ್ ಒಳಗೆ ಏನಾಗುತ್ತಿದೆ ಎಂದು ತಿಳಿಯುವ ಹಳೆಯ, ನಂಬಿಕೆಯ ದಾರಿ ಎಂದರೆ 'ಪ್ರಿಂಟ್‌ಕೆ'. ಕೋಡಿನ ನಡುವೆ ಅಲ್ಲಲ್ಲಿ 'ಇಲ್ಲಿಗೆ ಬಂದೆ', 'ಈಗ ಇಷ್ಟಾಯಿತು' ಎಂದು ಬರೆಸುವ ವಿಧಾನ. ಆ ಸಾಲುಗಳನ್ನು ಸೀರಿಯಲ್ ತಂತಿಯ ಮೂಲಕ ಇನ್ನೊಂದು ಯಂತ್ರಕ್ಕೆ ಕಳಿಸಿ ಓದುತ್ತಿದ್ದರು. ಆ ತಂತಿಯ ವೇಗ 1,15,200 ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 11,520 ಅಕ್ಷರ ಹೋಗುತ್ತದೆ. 80 ಅಕ್ಷರದ ಒಂದು ಸಾಲಿಗೆ ಸುಮಾರು 7 ಮಿಲಿಸೆಕೆಂಡು. 64 ಮಾದರಿಗಳ ಚಿಕ್ಕ ಎಲೆಯಾದರೆ ಅದರ ಊಟವೇ ಒಂದೂವರೆ ಮಿಲಿಸೆಕೆಂಡು! ವರದಿ ಬರೆಯುವಷ್ಟರಲ್ಲಿ ನಾಲ್ಕು ಎಲೆ ಖಾಲಿ. ರೋಗ ಪತ್ತೆಗೆ ಹಚ್ಚಿದ ದೀಪವೇ ಹೊಸ ರೋಗ ತರುತ್ತದೆ, ಇಲ್ಲವೇ ಆ ತಡದಿಂದಾಗಿ ಹಳೆ ರೋಗ ತಾತ್ಕಾಲಿಕವಾಗಿ ಅಡಗಿ ಕೂರುತ್ತದೆ. ಸಾಲು ತೆಗೆದರೆ ಮತ್ತೆ ಹಾಜರ್. ಆದ್ದರಿಂದ ಅಂಡರ್‌ರನ್ ಆದ ಕ್ಷಣದಲ್ಲಿ ಮಾತ್ರ ಎಚ್ಚರಿಸುವ ಸ್ವಿಚ್ಚನ್ನು ಅಲ್ಸಾದಲ್ಲಿ ಇಟ್ಟರು. 2008ರಲ್ಲಿ ಕರ್ನೆಲ್‌ಗೆ ಬಂದ 'ಎಫ್‌ಟ್ರೇಸ್' ಇನ್ನೊಂದು ಹೆಜ್ಜೆ ಮುಂದೆ. ಅದು ಘಟನೆಗಳನ್ನು ನೆನಪಿನಲ್ಲಿ ಸದ್ದಿಲ್ಲದೆ ಗುರುತು ಹಾಕಿಟ್ಟು ಆಮೇಲೆ ಒಪ್ಪಿಸುತ್ತದೆ.

ಮೂರನೆಯ ಕಾರಣ, ತಪ್ಪು ಡ್ರೈವರಿನದ್ದೇ ಆಗಿರಬೇಕಿಲ್ಲ. 1999, 2000ದ ಸುಮಾರಿಗೆ ಸಂಗೀತದ ತಂತ್ರಾಂಶ ಬರೆಯುವವರು ಅಳೆದು ನೋಡಿದಾಗ ಕರ್ನೆಲ್ ಬೇರೆ ಕೆಲಸದಲ್ಲಿ ಮುಳುಗಿ ಹತ್ತಾರು ಮಿಲಿಸೆಕೆಂಡು, ಕೆಲವೊಮ್ಮೆ ನೂರಕ್ಕೂ ಹೆಚ್ಚು, ಬಡಿಸುವವನನ್ನು ಎಬ್ಬಿಸುತ್ತಲೇ ಇರಲಿಲ್ಲ. ಡಿಸ್ಕಿಗೆ ಏನೋ ಬರೆಯುತ್ತಿದ್ದರೆ ಹಾಡು ಮುಗ್ಗರಿಸುತ್ತಿತ್ತು. ಇಂಗೊ ಮೊಲ್ನಾರ್ ಎಂಬ ಹಂಗೇರಿಯ ಪ್ರೋಗ್ರಾಮರ್ ಇದಕ್ಕೆ ಪ್ಯಾಚ್ ಬರೆದರು. ಅಲ್ಲಲ್ಲಿ ತೇಪೆ ಹಾಕಿದಂತಿದ್ದ ಅದನ್ನು ಟೊರ್ವಾಲ್ಡ್ಸ್ ಒಪ್ಪಲಿಲ್ಲ. ಸಂಗೀತದವರು ಸುಮ್ಮನಾಗಲಿಲ್ಲ. ಅಳತೆಗಳನ್ನು ಮುಂದಿಟ್ಟು ಕೇಳುತ್ತಲೇ ಹೋದರು. 2002ರಲ್ಲಿ ರಾಬರ್ಟ್ ಲವ್ ಅವರ ಕೆಲಸದ ಫಲವಾಗಿ, ಕರ್ನೆಲ್ ತನ್ನ ಕೆಲಸವನ್ನು ನಡುವೆಯೇ ಬಿಟ್ಟು ತುರ್ತಿನ ಪ್ರೋಗ್ರಾಮಿಗೆ ಓಗೊಡುವ ವ್ಯವಸ್ಥೆ ಬಂತು. ಅದೇ ಹೊತ್ತಿನಲ್ಲಿ ಪಾಲ್ ಡೇವಿಸ್ ಅವರ 'ಜ್ಯಾಕ್' ಸ್ಟುಡಿಯೋ ಮಟ್ಟದ ಕೆಲಸಕ್ಕೆ ದಾರಿ ಮಾಡಿತು. ಪೂರ್ಣ ಪ್ರಮಾಣದ 'ರಿಯಲ್ ಟೈಮ್' ವ್ಯವಸ್ಥೆ ಮಾತ್ರ ಎರಡು ದಶಕ ಹೊರಗೇ ಕಾದು, 2024ರಲ್ಲಿ 6.12 ಆವೃತ್ತಿಯಲ್ಲಿ ಮುಖ್ಯ ಕರ್ನೆಲ್ ಸೇರಿತು. ಅದಕ್ಕೆ ಅಡ್ಡ ನಿಂತಿದ್ದ ಕೊನೆಯ ದೊಡ್ಡ ತೊಡಕು ಯಾವುದು ಗೊತ್ತೇ? ನಾವು ಆಗಲೇ ಹೇಳಿದ ಪ್ರಿಂಟ್‌ಕೆ!

ಸುಳ್ಳು ಹೇಳಿದ ಯಂತ್ರಗಳು

2004ರಲ್ಲಿ ಇಂಟೆಲ್ 'ಹೈ ಡೆಫಿನಿಷನ್ ಆಡಿಯೋ' ಎಂಬ ಹೊಸ ಮಾನದಂಡ ತಂದಿತು. ಎಲ್ಲ ಕಂಪನಿಗಳೂ ಒಂದೇ ರೀತಿ ನಡೆದರೆ ಒಂದೇ ಡ್ರೈವರ್ ಸಾಕು ಎಂಬ ಆಸೆ. ಆದದ್ದೇ ಬೇರೆ. ಚಿಪ್ಪಿನಲ್ಲಿ ಹತ್ತಾರು ಪಿನ್ನು. ಯಾವ ಪಿನ್ನಿಗೆ ಹೆಡ್‌ಫೋನು, ಯಾವುದಕ್ಕೆ ಮೈಕು ಎಂಬುದನ್ನು ಲ್ಯಾಪ್‌ಟಾಪ್ ತಯಾರಕರು ಬಯೋಸ್‌ನಲ್ಲಿ ಬರೆದಿಡಬೇಕು. ಹಲವರು ತಪ್ಪಾಗಿ ಬರೆದರು, ಕೆಲವರು ಬರೆಯಲೇ ಇಲ್ಲ. ವಿಂಡೋಸ್‌ಗೆ ಅವರೇ ತಯಾರಿಸಿಕೊಟ್ಟ ಡ್ರೈವರ್ ಆ ತಪ್ಪನ್ನು ಒಳಗೊಳಗೇ ಮುಚ್ಚಿಕೊಳ್ಳುತ್ತಿತ್ತು. ಲಿನಕ್ಸ್‌ಗೆ ಮುಚ್ಚುವವರು ಯಾರು? ಜರ್ಮನಿಯ ಸೂಸೆ ಕಂಪನಿಯಲ್ಲಿದ್ದ ಜಪಾನಿನ ತಕಾಶಿ ಇವಾಯ್ ಮತ್ತು ಜೊತೆಗಾರರು ಒಂದೊಂದು ಮಾದರಿಗೂ ಒಂದೊಂದು ವಿನಾಯಿತಿ ಬರೆಯುತ್ತ ಹೋದರು. ಈ ಲ್ಯಾಪ್‌ಟಾಪಿನಲ್ಲಿ ಹೆಡ್‌ಫೋನ್ ಸಿಕ್ಕಿಸಿದರೂ ಸ್ಪೀಕರ್ ನಿಲ್ಲುವುದಿಲ್ಲ, ಆ ಲ್ಯಾಪ್‌ಟಾಪಿನ ಮೈಕ್ ತಿರುಗುಮುರುಗು, ಹೀಗೆ. ರಿಯಲ್‌ಟೆಕ್ ಚಿಪ್ಪುಗಳಿಗೆಂದು ಮೀಸಲಾದ ಒಂದೇ ಕಡತ ಬೆಳೆಯುತ್ತ ಹತ್ತು ಸಾವಿರ ಸಾಲು ದಾಟಿತು. ಅದರಲ್ಲಿ ಎಷ್ಟೋ ಸಾಲುಗಳ ಹಿಂದೆ, ತನ್ನ ಯಂತ್ರದ ವಿವರ ಕಳಿಸಿ, ಕೊಟ್ಟ ಪರೀಕ್ಷೆಗಳನ್ನೆಲ್ಲ ಮಾಡಿ, 'ಈಗ ಕೇಳಿಸುತ್ತಿದೆ' ಎಂದು ಉತ್ತರ ಬರೆದ ಯಾರೋ ಒಬ್ಬ ಬಳಕೆದಾರನಿದ್ದಾನೆ.

ಇನ್ನೊಂದು ಪ್ರಸಂಗ. ಜರ್ಮನಿಯ ಲೆನಾರ್ಟ್ ಪೊಯೆಟರಿಂಗ್ 2004ರಲ್ಲಿ ಶುರು ಮಾಡಿದ 'ಪಲ್ಸ್‌ಆಡಿಯೋ' ಹಲವು ಪ್ರೋಗ್ರಾಮುಗಳ ಸದ್ದನ್ನು ಬೆರೆಸಿ ಕೊಡುತ್ತಿತ್ತು. 2007ರ ಕೊನೆಗೆ ಫೆಡೋರಾ, 2008ರ ಏಪ್ರಿಲಿನಲ್ಲಿ ಉಬುಂಟು ಅದನ್ನು ಅಳವಡಿಸಿಕೊಂಡವು. ಬ್ಯಾಟರಿ ಉಳಿಸಲು ಅದು ಹೊಸ ಜಾಣತನ ಮಾಡಿತು. ಪ್ರತಿ ಎಲೆಗೂ ಗಂಟೆ ಕಾಯುವ ಬದಲು ಬಹಳಷ್ಟು ಬಡಿಸಿಟ್ಟು, ಗಡಿಯಾರ ನೋಡಿಕೊಂಡು, ಉಣ್ಣುವವನು ಎಲ್ಲಿದ್ದಾನೆಂದು ಕೇಳಿ ಮುಂದಿನ ಸಲ ಬರುವುದು. ಡ್ರೈವರ್ ಹೇಳುವ ಜಾಗ ಕರಾರುವಾಕ್ಕಾಗಿದ್ದರೆ ಮಾತ್ರ ಇದು ನಡೆಯುತ್ತದೆ. ಅಲ್ಲಿಯವರೆಗೆ ಯಾರೂ ಅಷ್ಟು ನಿಖರವಾಗಿ ಕೇಳಿರಲಿಲ್ಲ. ಎರಡನೆಯ ಎಲೆಯಲ್ಲಿದ್ದುಕೊಂಡು ಮೂರನೆಯದರಲ್ಲಿದ್ದೇನೆ ಎನ್ನುವ ಚಿಪ್ಪುಗಳು, ಅದನ್ನೇ ನಂಬಿ ಒಪ್ಪಿಸುವ ಡ್ರೈವರ್‌ಗಳು ಒಂದೊಂದಾಗಿ ಬಯಲಾದವು. ಸದ್ದು ಹರಿದುಹೋಯಿತು. ಬೈಗುಳ ತಿಂದದ್ದು ಪಲ್ಸ್‌ಆಡಿಯೋ. 'ಡ್ರೈವರ್ ತಪ್ಪು' ಎಂದು ಇವರು, 'ನಿನ್ನೆಯವರೆಗೆ ಚೆನ್ನಾಗಿತ್ತಲ್ಲ' ಎಂದು ಅವರು. ಇಬ್ಬರ ಮಾತಿನಲ್ಲೂ ಸತ್ಯವಿತ್ತು.

ಆದರೆ ಈ ವಾದದ ನಡುವೆ ನಿಜವಾಗಿ ಪೆಟ್ಟು ತಿಂದವರು ಬೇರೆ. ಪರದೆಯ ಮೇಲಿನದನ್ನು ಓದಿ ಹೇಳುವ 'ಓರ್ಕಾ'ದಂಥ ತಂತ್ರಾಂಶ ನಂಬಿದ ದೃಷ್ಟಿಹೀನರು. ನಮಗೆ ಸದ್ದು ಹೋದರೆ ಹಾಡು ಹೋಯಿತು. ಅವರಿಗೆ ಸದ್ದು ಹೋದರೆ ಪರದೆಯೇ ಹೋಯಿತು. ದೋಷ ಸರಿಪಡಿಸುವ ಸೂಚನೆಯನ್ನು ಓದಲೂ ಅದೇ ಸದ್ದು ಬೇಕು! ಆಡಿಯೋ ಡ್ರೈವರ್ ಬರೀ ಮನರಂಜನೆಯ ವಿಷಯ ಎನ್ನುವವರು ಈ ಒಂದು ಸಂಗತಿಯನ್ನು ನೆನಪಿಡಬೇಕು.

ಬೆಂಗಳೂರಿನ ಕೊಂಡಿ

ಈ ಕಥೆಗೆ ನಮ್ಮ ನಾಡಿನ ಒಂದು ಎಳೆಯೂ ಉಂಟು. 2001ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ 'ಸಿಂಪ್ಯೂಟರ್' ಎಂಬ ಅಂಗೈಯಗಲದ ಕಂಪ್ಯೂಟರಿನ ಮಾದರಿ ಹೊರತಂದರು. ಅದು ನಡೆಯುತ್ತಿದ್ದದ್ದು ಲಿನಕ್ಸಿನಿಂದಲೇ. ಓದು ಬರಹ ಬಾರದವರಿಗೂ ಯಂತ್ರ ಉಪಯೋಗವಾಗಬೇಕಾದರೆ ಅದು ಅವರ ಭಾಷೆಯಲ್ಲಿ ಮಾತಾಡಬೇಕು ಎಂಬುದು ಅವರ ಚಿಂತನೆ. ಅದಕ್ಕಾಗಿ ಪ್ರೊ. ರಮೇಶ್ ಹರಿಹರನ್ 'ಧ್ವನಿ' ಎಂಬ ತಂತ್ರಾಂಶ ರೂಪಿಸಿದರು. ರೆಕಾರ್ಡು ಮಾಡಿದ ಉಚ್ಚಾರಣೆಯ ತುಣುಕುಗಳನ್ನು ಪೋಣಿಸಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಬರಹವನ್ನು ಓದಿ ಹೇಳುವ ಪ್ರಯತ್ನ ಅದು. ಸಿಂಪ್ಯೂಟರ್ ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಆದರೆ 'ಧ್ವನಿ' ಮುಕ್ತವಾಗಿದ್ದುದರಿಂದ ಆಮೇಲೂ ಬೇರೆಯವರ ಕೈಯಲ್ಲಿ ಬೆಳೆಯಿತು. ಇಂದು ಇ-ಸ್ಪೀಕ್ ಎಂಬ ಮುಕ್ತ ತಂತ್ರಾಂಶವೂ ಕನ್ನಡ ಓದುತ್ತದೆ. ಯಂತ್ರದ ಉಚ್ಚಾರ ನಮ್ಮ ಕಿವಿಗೆ ಒಣಕಲು ಎನಿಸಬಹುದು. ಅಕ್ಷರ ಕಾಣದವರಿಗೆ ಅದು ಕನ್ನಡದ ಬಾಗಿಲು. ಅಳ್ಳಕವೋ ಮಹಾಪ್ರಾಣವೋ, ಕೊನೆಗೆ ಆ ಕನ್ನಡ ಹೊರಬರಬೇಕಾದದ್ದು ಅದೇ ಡ್ರೈವರಿನ ನಾಲ್ಕು ಎಲೆಗಳ ಮೂಲಕವೇ.

ರೇಡಿಯೋಗೂ ನಂಟಿದೆ. ಅಮೆರಿಕದಲ್ಲಿ ಹುಟ್ಟಿದ 'ರಿವೆಂಡೆಲ್' ಎಂಬ ಮುಕ್ತ ತಂತ್ರಾಂಶದಿಂದ ಇಡೀ ರೇಡಿಯೋ ಕೇಂದ್ರದ ಪ್ರಸಾರ ನಡೆಸಬಹುದು. ಅದು ಅಲ್ಸಾ, ಜ್ಯಾಕ್ ಮುಂತಾದವುಗಳ ಮೇಲೆ ನಿಂತಿದೆ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನನ್ನೇ ತೆಗೆದುಕೊಳ್ಳಿ. ಅದರ ತಿರುಳು ಲಿನಕ್ಸ್ ಕರ್ನೆಲ್, ಬಹುಮಟ್ಟಿಗೆ ಎಲ್ಲ ಫೋನುಗಳಲ್ಲೂ ಸದ್ದು ಹಾದುಹೋಗುವುದು ಅಲ್ಸಾದ ಡ್ರೈವರ್‌ಗಳಿಂದ. ಫೋನಿನಲ್ಲಿ ಬ್ಯಾಟರಿ ಉಳಿಸಲು ಆಂಪ್ಲಿಫೈಯರನ್ನು ಆಗಾಗ ಆರಿಸಿ ಹೊತ್ತಿಸಬೇಕು. ಕ್ರಮ ತಪ್ಪಿದರೆ ಕಿವಿಯಲ್ಲಿ 'ಟಪ್' ಎನ್ನುತ್ತದೆ. ಯಾವುದನ್ನು ಮೊದಲು ಹೊತ್ತಿಸಬೇಕು, ಯಾವುದನ್ನು ಕೊನೆಗೆ ಎಂದು ಲೆಕ್ಕ ಹಾಕಿ ಆ ಸದ್ದು ಅಡಗಿಸುವುದೂ ಡ್ರೈವರಿನ ಕೆಲಸವೇ. ಮುಂಬೈ ಲೋಕಲ್‌ನಲ್ಲೋ ದೆಹಲಿ ಮೆಟ್ರೋದಲ್ಲೋ ಕೂತು ಕನ್ನಡ ಹಾಡು ಕೇಳುವಾಗ ನಿಮಗೆ ಆ 'ಟಪ್' ಕೇಳಿಸುತ್ತಿಲ್ಲ ಎಂದರೆ ಯಾರೋ ಅದಕ್ಕಾಗಿ ನಿದ್ದೆಗೆಟ್ಟಿದ್ದಾರೆ.

2021ರಲ್ಲಿ ಫೆಡೋರಾ 34ರೊಂದಿಗೆ ವಿಮ್ ಟೇಮನ್ಸ್ ಅವರ 'ಪೈಪ್‌ವೈರ್' ಪಲ್ಸ್‌ಆಡಿಯೋದ ಜಾಗಕ್ಕೆ ಬಂದಿತು. ಮನೆಯವರಿಗೆ ಬೇಕಾದ ಸರಾಗ, ಸ್ಟುಡಿಯೋದವರಿಗೆ ಬೇಕಾದ ಚುರುಕು, ಎರಡನ್ನೂ ಒಂದೇ ಕಡೆ ಕೊಡುವುದು ಅದರ ಗುರಿ. ಈ ಬದಲಾವಣೆ ಹೆಚ್ಚು ಗದ್ದಲವಿಲ್ಲದೆ ನಡೆಯಿತು. ಇದಕ್ಕೆ ಪೈಪ್‌ವೈರ್‌ನ ಗುಣ ಒಂದು ಕಾರಣ. ಹಿಂದಿನ ಹದಿಮೂರು ವರ್ಷ ಬೈಗುಳ ತಿನ್ನುತ್ತಲೇ ಡ್ರೈವರ್‌ಗಳ ಸುಳ್ಳುಗಳನ್ನು ಒಂದೊಂದಾಗಿ ತಿದ್ದಿದ್ದು ಇನ್ನೊಂದು ಕಾರಣ. ಮೊದಲು ದಾರಿ ಸವೆಸಿದವರಿಗೆ ಮುಳ್ಳು, ಆಮೇಲೆ ಬಂದವರಿಗೆ ಹೂವು. ಇದು ಕಂಪ್ಯೂಟರಿಗಷ್ಟೇ ಸೀಮಿತವಾದ ಮಾತಲ್ಲ ಅಲ್ಲವೇ?

ಕವಿಗಳ ಹೆಸರು ಪುಸ್ತಕದ ಮೇಲಿರುತ್ತದೆ, ಗಾಯಕರ ಹೆಸರನ್ನು ನಾವು ಹಾಡಿಗೆ ಮುಂಚೆ ಹೇಳುತ್ತೇವೆ. ಸೌಂಡ್ ರೆಕಾರ್ಡಿಸ್ಟರ ಹೆಸರೂ ಕ್ಯಾಸೆಟ್ಟಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತಿತ್ತು. ಡ್ರೈವರ್ ಬರೆದವರ, ಅದರಲ್ಲಿ ಒಂದೇ ಒಂದು ಸಾಲು ತಿದ್ದಿದವರ ಹೆಸರು ಕರ್ನೆಲ್‌ನ ದಫ್ತರದಲ್ಲಿ ಮಾತ್ರ ದಾಖಲಾಗಿರುತ್ತದೆ. ಪ್ರಸಾರದಲ್ಲಿ ಅದನ್ನು ಓದಲು ಸಮಯ ಸಾಲದು. ಆದ್ದರಿಂದ ಈ ಪುಟದಲ್ಲಾದರೂ ಒಂದು ನಮಸ್ಕಾರ ಹೇಳಿಬಿಡೋಣ. ನಿಮ್ಮಲ್ಲಿ ಯಾರಾದರೂ ಅಂಥ ಕೆಲಸ ಮಾಡಿದವರಿದ್ದರೆ ನಮಗೊಂದು ಪತ್ರ ಬರೆಯಿರಿ. ನಿಮ್ಮ ಮೆಚ್ಚಿನ ಹಾಡು ಯಾವುದೆಂದು ಜೊತೆಗೇ ತಿಳಿಸಿ. ಮುಂದಿನ ಕನ್ನಡದ ಅವಧಿಯಲ್ಲಿ ಅದು ನಿಮಗಾಗಿ.

ಮತ್ತೆ ಸಿಗೋಣ. ಕೇಳುತ್ತಿರಿ.